ಟ್ಯಾಂಕ್ ಅರ್ಧ ಆದ ಕೂಡಲೇ ಇಂಜಿನ್ ಕಿರುಚಿ ಆಫ್ ಆಗುತ್ತದೆ, ನೀಡಲ್ ತಿರುಗಿಸಿ ಸಾಕಾಯ್ತು

ಗುಡ್ಡದ ಹುಡುಗ (ಬಳ್ಳಾರಿ):
ಅಣ್ಣಂದಿರಾ, ತಲೆ ಕೆಟ್ಟು ಹೋಗಿದೆ. ಫುಲ್ ಟ್ಯಾಂಕ್ ಇದ್ದಾಗ ನನ್ನ ಬಗ್ಗಿ (ರಿಮೋಟ್‌ನಲ್ಲಿ ಓಡಿಸುವ ಚಿಕ್ಕ ನೈಟ್ರೋ ಕಾರು) ಚೆನ್ನಾಗಿ ಓಡುತ್ತದೆ. ಅರ್ಧಕ್ಕೆ ಬಂತೋ, ಕಿರುಚಲು ಶುರು. ಹೊಗೆ ಕಾಣಿಸುವುದಿಲ್ಲ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ. ಆಮೇಲೆ ಆಫ್. ಹೈ ನೀಡಲ್ (ಜೋರಾಗಿ ಓಡುವಾಗ ಫ್ಯೂಯೆಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಸ್ಕ್ರೂ) ಬಿಚ್ಚಿದರೆ ಅರ್ಧ ಟ್ಯಾಂಕ್‌ನಲ್ಲಿ ಸರಿ ಹೋಗುತ್ತದೆ, ಮತ್ತೆ ತುಂಬಿಸಿದರೆ ಗೊರಗೊರ ಅಂತ ಮೇಲೇಳುವುದೇ ಇಲ್ಲ. ಪ್ಲಗ್ ಹೊಸದು. ಟ್ಯಾಂಕ್, ಹೊಗೆ ಹೋಗುವ ಪೈಪ್, ಟ್ಯೂಬ್ ಎಲ್ಲಾ ಸರಿ ಇವೆ. ಭಾನುವಾರ ಹೊಸಪೇಟೆ ಹುಡುಗರು ಗಾಡಿ ತಗೊಂಡು ಬರುತ್ತಿದ್ದಾರೆ, ಅವರ ಮುಂದೆ ಮರ್ಯಾದೆ ಹೋಗುತ್ತದೆ. ಬೇಗ ಹೇಳಿ.

ಬಿಸಿಲೂರು ನೈಟ್ರೋ (ರಾಯಚೂರು):
ಯಾವ ಗಾಡಿ, ಯಾವ ಇಂಜಿನ್, ಫ್ಯೂಯೆಲ್‌ನಲ್ಲಿ ಎಷ್ಟು ಪರ್ಸೆಂಟ್ ನೈಟ್ರೋ (ನೈಟ್ರೋಮೀಥೇನ್), ಏನೂ ಹೇಳಿಲ್ಲವಲ್ರೀ. ಇರಲಿ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ ಅಂದರೆ ಏರ್ ಲೀಕ್. ನೂರಕ್ಕೆ ನೂರು. ಕಾರ್ಬ್ (ಕಾರ್ಬ್ಯುರೇಟರ್) ಕೂರುವ ಜಾಗದ ಓ-ರಿಂಗ್ (ರಬ್ಬರ್ ಉಂಗುರ) ನೋಡಿ, ಬ್ಯಾಕ್‌ಪ್ಲೇಟ್ (ಇಂಜಿನ್ ಹಿಂದಿನ ಮುಚ್ಚಳ) ಬಿಚ್ಚಿ ಸೀಲಂಟ್ ಹಚ್ಚಿ.

ಗುಡ್ಡದ ಹುಡುಗ:
1/8 ಬಗ್ಗಿ (ನಿಜ ಗಾಡಿಯ ಎಂಟನೇ ಒಂದು ಅಳತೆ), 21 ಇಂಜಿನ್ (ಸುಮಾರು 3.5 ಸಿಸಿ), 25 ಪರ್ಸೆಂಟ್ ನೈಟ್ರೋ. ಕಾರ್ಬ್ ಓ-ರಿಂಗ್ ಆಗಲೇ ಬದಲಾಯಿಸಿದ್ದೇನೆ. ಏನೂ ವ್ಯತ್ಯಾಸ ಇಲ್ಲ.

ಬಿಸಿಲೂರು ನೈಟ್ರೋ:
ಹಾಗಾದರೆ ಬ್ಯಾಕ್‌ಪ್ಲೇಟ್. ಅದೂ ಅಲ್ಲವಾದರೆ ಮುಂದಿನ ಬೇರಿಂಗ್. ಇಂಜಿನ್ ಇಳಿಸಿ.

ಎಡದಂಡೆ (ಗಂಗಾವತಿ):
ಸುಮ್ನೆ ಇಂಜಿನ್ ಬಿಚ್ಚಿಸಬೇಡ್ರೀ. ಬ್ಯಾಕ್‌ಪ್ಲೇಟ್ ಲೀಕ್ ಆಗಿದ್ದರೆ ಫುಲ್ ಟ್ಯಾಂಕ್‌ನಲ್ಲೂ ಕಾಟ ಕೊಡಬೇಕಿತ್ತು, ಅಲ್ವಾ? ಟ್ಯಾಂಕ್‌ನಲ್ಲಿ ಎಷ್ಟಿದೆ ಅಂತ ಬ್ಯಾಕ್‌ಪ್ಲೇಟ್‌ಗೆ ಹೇಗೆ ಗೊತ್ತಾಗುತ್ತದೆ?

ಈ ಗಾಡಿಗಳಲ್ಲಿ ಫ್ಯೂಯೆಲ್ ಪಂಪ್ ಇಲ್ಲ. ಪೈಪ್ ಒಳಗಿನ ಹೊಗೆಯ ಒತ್ತಡವೇ ಪ್ರೆಶರ್ ಲೈನ್ ಮೂಲಕ ಟ್ಯಾಂಕ್‌ಗೆ ಹೋಗಿ ಫ್ಯೂಯೆಲ್ ಅನ್ನು ಕಾರ್ಬ್ ಕಡೆ ತಳ್ಳುತ್ತದೆ. ಟ್ಯಾಂಕ್ ತುಂಬಿದ್ದಾಗ ಫ್ಯೂಯೆಲ್ ಮಟ್ಟ ಎತ್ತರದಲ್ಲಿ ಇರುತ್ತದೆ, ಅದೇ ಸ್ವಲ್ಪ ತಳ್ಳುತ್ತದೆ. ಮೇಲೆ ಗಾಳಿಯ ಜಾಗವೂ ಕಡಿಮೆ, ಒತ್ತಡ ಬೇಗ ಏರುತ್ತದೆ. ಅರ್ಧ ಆದಾಗ ಈ ಎರಡು ಅನುಕೂಲವೂ ಹೋಗುತ್ತವೆ. ಆಗ ಪ್ರೆಶರ್ ಲೈನ್ ಸೋರುತ್ತಿದ್ದರೆ ಅಥವಾ ಕಟ್ಟಿಕೊಂಡಿದ್ದರೆ ಇಂಜಿನ್ ಲೀನ್ ಆಗಿ (ಫ್ಯೂಯೆಲ್ ಕಡಿಮೆ, ಗಾಳಿ ಜಾಸ್ತಿ) ಕಿರುಚುತ್ತದೆ.

ಒಂದು ಕೆಲಸ ಮಾಡಿ. ಕಿರುಚಲು ಶುರುವಾದ ತಕ್ಷಣ ಗಾಡಿ ಒಳಗೆ ಕರೆದು, ಇಂಜಿನ್ ತಣ್ಣಗಾಗಲು ಬಿಡದೆ ಟ್ಯಾಂಕ್ ತುಂಬಿಸಿ ಮತ್ತೆ ಬಿಡಿ. ಸರಿಯಾಗಿ ಓಡಿದರೆ ತೊಂದರೆ ಇಂಜಿನ್ನಿನದಲ್ಲ. ಮತ್ತೆ, ಪ್ರೆಶರ್ ಲೈನ್‌ಗೆ ಯಾವ ಟ್ಯೂಬ್ ಹಾಕಿದ್ದೀರಿ?

ದೊಡ್ಡಗಾಡಿ:
ಇದಕ್ಕೇ ನಾನು ನೈಟ್ರೋ ಬಿಟ್ಟು 1/5 ಪೆಟ್ರೋಲ್ ಗಾಡಿಗೆ ಹೋಗಿದ್ದು. 29 ಸಿಸಿ. ಡಯಾಫ್ರಾಮ್ ಕಾರ್ಬ್, ಫ್ಯೂಯೆಲ್ ಅದೇ ಎಳೆದುಕೊಳ್ಳುತ್ತದೆ. ಪ್ರೆಶರ್ ಲೈನೂ ಇಲ್ಲ, ತಲೆನೋವೂ ಇಲ್ಲ. ಬಂಕ್ ಪೆಟ್ರೋಲ್‌ಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿದರೆ ಆಯ್ತು. ಹೋದ ತಿಂಗಳು ಅಲ್ಯೂಮಿನಿಯಂ ಚಾಸಿ ಹಾಕಿಸಿದೆ, ಯಾರಿಗಾದರೂ ಫೋಟೊ ಬೇಕಾ?

ಬಿಸಿಲೂರು ನೈಟ್ರೋ:
ಬೇಡ. ಕೇಳಿದ್ದು ನೈಟ್ರೋ ಬಗ್ಗೆ. ನಿಮ್ಮ ಗಾಡಿ ಸದ್ದು ಹುಲ್ಲು ಕತ್ತರಿಸುವ ಮಿಷನ್ ಇದ್ದಂಗೆ ಇರುತ್ತದೆ.

ಗುಡ್ಡದ ಹುಡುಗ:
ಎಡದಂಡೆ ಅಣ್ಣ ಹೇಳಿದಂತೆ ಬಿಸಿ ಇದ್ದಾಗಲೇ ತುಂಬಿಸಿದೆ. ಸರಿಯಾಗಿ ಓಡಿತು! ಅರ್ಧಕ್ಕೆ ಬಂದ ಮೇಲೆ ಮತ್ತೆ ಅದೇ ಕಥೆ. ಆದರೆ ಪ್ರೆಶರ್ ಲೈನ್ ಲೀಕ್ ಇಲ್ಲ, ಬಾಯಿಂದ ಊದಿ ನೋಡಿದ್ದೇನೆ. ಟ್ಯೂಬ್ ಸಲೈನ್ ಸೆಟ್‌ದು, ಮೆಡಿಕಲ್ ಶಾಪ್‌ನಲ್ಲಿ ತಂದಿದ್ದು. ಅದರಲ್ಲೇನಿದೆ, ಬರೀ ಹೊಗೆ ಹೋಗುವ ಟ್ಯೂಬ್ ಅಲ್ವಾ? ಫ್ಯೂಯೆಲ್ ಹೋಗುವ ಕಡೆ ಸಿಲಿಕಾನೇ ಇದೆ.

ಎಡದಂಡೆ:
ಸಲೈನ್ ಟ್ಯೂಬ್! ಇದನ್ನು ಮೊದಲೇ ಬರೆದಿದ್ದರೆ ರಾಯಚೂರಿನವರು ನಿಮ್ಮ ಇಂಜಿನ್ ಇಳಿಸಲು ಹೇಳುತ್ತಿರಲಿಲ್ಲ.

ಮೊದಲು, ಬಾಯಿಂದ ಊದಬೇಡಿ, ಎಳೆಯಲಂತೂ ಬೇಡವೇ ಬೇಡ. ನಮ್ಮ ಫ್ಯೂಯೆಲ್‌ನಲ್ಲಿ ಮುಖ್ಯವಾಗಿ ಇರುವುದು ಮೆಥನಾಲ್, ಹೊಟ್ಟೆಗೆ ಹೋದರೆ ಕಣ್ಣು ಕಳೆಯುವ ವಿಷ. ಸಿರಿಂಜ್ ಉಪಯೋಗಿಸಿ.

ಸಲೈನ್ ಟ್ಯೂಬ್ ಪಿವಿಸಿ. ಮೆಥನಾಲ್ ತಾಗಿ ತಾಗಿ ಅದರಲ್ಲಿನ ಮೆತ್ತಗಿನ ಅಂಶ ಹೊರಬರುತ್ತದೆ, ಟ್ಯೂಬ್ ಬಿರುಸಾಗುತ್ತದೆ, ಹಿಡಿತ ಹೋಗುತ್ತದೆ. ಇನ್ನೊಂದು ತುದಿ ಬಿಸಿ ಪೈಪ್‌ನ ನಿಪ್ಪಲ್ (ಟ್ಯೂಬ್ ಸಿಕ್ಕಿಸುವ ಮೂತಿ) ಮೇಲೆ. ಅಲ್ಲಿ ಪಿವಿಸಿ ಮೆತ್ತಗಾಗಿ ಅಗಲವಾಗುತ್ತದೆ. ತಣ್ಣಗಿರುವಾಗ ಊದಿದರೆ ಎಲ್ಲಾ ಬಿಗಿ, ಓಡುವಾಗ ಮಾತ್ರ ಸೋರಿಕೆ. ಸಿಲಿಕಾನ್ ಟ್ಯೂಬ್‌ಗೆ ಆ ಬಿಸಿ ಲೆಕ್ಕಕ್ಕೇ ಇಲ್ಲ. ಎರಡೂ ಕಡೆ ಅದನ್ನೇ ಹಾಕಿ. ಪೈಪ್‌ಗೆ ತಾಗದಂತೆ ಇರಲಿ, ಟ್ಯಾಂಕ್ ಮುಚ್ಚಳಕ್ಕಿಂತ ಮೇಲೆ ಒಂದು ಸುತ್ತು ಬರಲಿ, ಇಲ್ಲದಿದ್ದರೆ ತುಂಬಿಸಿದಾಗ ಫ್ಯೂಯೆಲ್ ಹೊಗೆ ಪೈಪ್ ಒಳಗೆ ಇಳಿಯುತ್ತದೆ. ಅದಕ್ಕಾಗಿ ಗಜ ಉದ್ದ ಬಿಡಬೇಡಿ, ಟ್ಯೂಬ್ ಉದ್ದವಾದಷ್ಟೂ ಥ್ರಾಟಲ್‌ಗೆ ತಕ್ಕಂತೆ ಒತ್ತಡ ಬರುವುದು ತಡ.

ದೊಡ್ಡಗಾಡಿ:
ನನ್ನ ಗಾಡಿಗೂ ಸಿಲಿಕಾನ್ ಹಾಕಬಹುದಾ ಹಾಗಾದರೆ?

ಎಡದಂಡೆ:
ಬೇಡ ಸರ್, ಪೆಟ್ರೋಲ್‌ಗೆ ಸಿಲಿಕಾನ್ ಊದಿಕೊಂಡು ಕಳಚುತ್ತದೆ.

ಕೊಪ್ಪಳ ಬಗ್ಗಿ:
ಪೈಪ್‌ನ ನಿಪ್ಪಲ್ ಕೂಡ ಬಿಚ್ಚಿ ನೋಡಿ. ಸುಟ್ಟ ಎಣ್ಣೆ ಕಟ್ಟಿಕೊಂಡು ತೂತು ಸೂಜಿ ಮೊನೆಯಷ್ಟು ಆಗಿರುತ್ತದೆ. ನಾನು ಹರಳೆಣ್ಣೆ ಜಾಸ್ತಿ ಇರುವ ಫ್ಯೂಯೆಲ್ ಹಾಕುತ್ತಿದ್ದಾಗ ಇದೇ ಗೋಳು. ನಿಪ್ಪಲ್ ಕೆಳಗಿನ ವಾಷರ್ ಮರೆಯಬೇಡಿ. ಇಂಜಿನ್ ಐಡಲ್‌ನಲ್ಲಿ ಇರುವಾಗ ಟ್ಯಾಂಕ್ ಕಡೆಯ ತುದಿ ಕಿತ್ತು ಬೆರಳು ಹಿಡಿದರೆ ಪುಕ್‌ಪುಕ್ ಅಂತ ಹೊಡೆತ ತಿಳಿಯಬೇಕು.

ಬಿಸಿಲೂರು ನೈಟ್ರೋ:
ಹರಳೆಣ್ಣೆಯನ್ನು ಬೈಯಬೇಡಿ. ಲೀನ್ ಆದಾಗ ಪಿಸ್ಟನ್ ಉಳಿಸುವುದು ಅದೇ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಲ್ಲಿ ಬರೀ ಸಿಂಥೆಟಿಕ್ ನಂಬಿಕೊಂಡು ಓಡಿಸಿ ನೋಡಿ.

ಕೊಪ್ಪಳ ಬಗ್ಗಿ:
ಬೈದಿದ್ದು ಎಲ್ಲಿ ರೀ? ಅದು ಮಸಿ ಬಿಡುತ್ತದೆ ಅಂದೆ ಅಷ್ಟೇ. ಅದೂ ಕೆಲವರು ಅಂಗಡಿಯ ಹರಳೆಣ್ಣೆ ತಂದು ಮನೆಯಲ್ಲೇ ಬೆರೆಸುತ್ತಾರೆ. ಅಂಟು ತೆಗೆದ ಎಣ್ಣೆಯೇ ಬೇರೆ, ತಲೆಗೆ ಹಚ್ಚುವ ಎಣ್ಣೆಯೇ ಬೇರೆ.

ಬಿಸಿಲೂರು ನೈಟ್ರೋ:
ನಾನು ಬೆರೆಸುವುದಿಲ್ಲ. ಯಾರಿಗೆ ಹೇಳುತ್ತಿದ್ದೀರಿ?

ಗುಡ್ಡದ ಹುಡುಗ:
ಜಗಳ ಆಮೇಲೆ ಆಡಿ. ಸಿಲಿಕಾನ್ ಹಾಕಿದೆ, ನಿಪ್ಪಲ್ ಕ್ಲೀನ್ ಮಾಡಿದೆ. ಈಗ ಇನ್ನೂ ಕೆಟ್ಟಿತು! ಫುಲ್ ಟ್ಯಾಂಕ್‌ನಲ್ಲೇ ಗೊರಗೊರ, ಹೊಗೆಯೋ ಹೊಗೆ.

ಎಡದಂಡೆ:
ಕೆಟ್ಟಿಲ್ಲ ತಮ್ಮಾ, ಒಳ್ಳೇದಾಗಿದೆ. ಒತ್ತಡ ಇಲ್ಲದ ಕಾಲಕ್ಕೆ ನೀಡಲ್ ಬಿಚ್ಚಿ ಇಟ್ಟಿದ್ದಿರಿ. ಈಗ ಒತ್ತಡ ಬಂದಿದೆ, ಫ್ಯೂಯೆಲ್ ಜಾಸ್ತಿ ಹೋಗುತ್ತಿದೆ. ಹೈ ನೀಡಲ್ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ತೆಳು ಹೊಗೆ ಉಳಿಯಬೇಕು. ಟೆಂಪರೇಚರ್ ಗನ್ ಇದ್ದರೆ ಇಂಜಿನ್ ಹೆಡ್ 100ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ಇರಲಿ. ಪೈಪ್ ಬೇರೆಯದು ಹಾಕಿದರೂ ಹೀಗೇ, ಟ್ಯೂನಿಂಗ್ ಮೊದಲಿಂದ ಮಾಡಬೇಕು.

ಗುಡ್ಡದ ಹುಡುಗ:
ಹೌದು, ಬಿಗಿ ಮಾಡಿದ ಮೇಲೆ ಅರ್ಧ ಟ್ಯಾಂಕ್ ಆದರೂ ಸದ್ದು ಬದಲಾಗುತ್ತಿಲ್ಲ. ತಳಕ್ಕೆ ಬಂದಾಗ ಸ್ವಲ್ಪ ಲೀನ್ ಆಗುತ್ತದೆ, ಅಷ್ಟೇ.

ಎಡದಂಡೆ:
ಅದು ಮುಚ್ಚಳ ಇರಬೇಕು. ಟ್ಯಾಂಕ್ ಖಾಲಿ ಮಾಡಿ, ಕಾರ್ಬ್‌ಗೆ ಹೋಗುವ ಟ್ಯೂಬ್ ಮುಚ್ಚಿ, ಪ್ರೆಶರ್ ನಿಪ್ಪಲ್‌ನಿಂದ ಸಿರಿಂಜ್‌ನಲ್ಲಿ ಗಾಳಿ ತಳ್ಳುತ್ತಾ ಬಕೆಟ್ ನೀರಲ್ಲಿ ಮುಳುಗಿಸಿ. ಗುಳ್ಳೆ ಎಲ್ಲಿ ಬಂತೋ ಅಲ್ಲೇ ಸೋರಿಕೆ. ಆಮೇಲೆ ಚೆನ್ನಾಗಿ ಒಣಗಿಸಿ, ನೀರು ಒಳಗೆ ಉಳಿಯಬಾರದು.

ಗುಡ್ಡದ ಹುಡುಗ:
ಮುಚ್ಚಳದ ಒಂದು ಪಕ್ಕದಲ್ಲಿ ಗುಳ್ಳೆ ಬಂತು. ಓ-ರಿಂಗ್ ಒರೆಸಿದರೆ ಬಟ್ಟೆ ತುಂಬಾ ಕೆಂಪು ಧೂಳು. ಸಂಡೂರು ರಸ್ತೆ ಪಕ್ಕದ ಮೈದಾನ, ಅದಿರಿನ ಲಾರಿ ಓಡಾಡುವ ಜಾಗ. ಹೊಸ ಓ-ರಿಂಗ್‌ಗೆ ಆರ್ಡರ್ ಹಾಕಿದ್ದೇನೆ, ಅಲ್ಲಿವರೆಗೆ ಪ್ರತಿ ಸಲ ಒರೆಸಿ ತುಂಬಿಸುತ್ತೇನೆ.

ಬಿಸಿಲೂರು ನೈಟ್ರೋ:
ಅಷ್ಟು ಧೂಳಿದ್ದರೆ ಏರ್ ಫಿಲ್ಟರ್‌ಗೆ ಎಣ್ಣೆ ಹಾಕಿದ್ದೀರಾ? ನನ್ನದು ಡಬಲ್ ಫೋಮ್. ಪೈಪ್ ಪಾಲಿಶ್ ಮಾಡಿದ್ದು, ಸೆರಾಮಿಕ್ ಬೇರಿಂಗ್, ಎಲ್ಲಾ ಹೈದರಾಬಾದ್‌ನಿಂದ ತರಿಸಿದ್ದು.

ಸಿಂಧನೂರು ಟ್ರಕ್:
ನನ್ನದೂ ಒಂದು ಪ್ರಶ್ನೆ. 1/10 ಟ್ರಕ್, 75 ಸಿಸಿ ಟ್ಯಾಂಕ್. ತುಂಬಿಸಿ ಊಟಕ್ಕೆ ಹೋಗಿ ಬಂದರೆ ಪುಲ್ ಸ್ಟಾರ್ಟ್ ಹಗ್ಗ ಎಳೆಯಲು ಬರುತ್ತಿಲ್ಲ. ಇದೂ ಪ್ರೆಶರ್ ಲೈನಾ?

ಕೊಪ್ಪಳ ಬಗ್ಗಿ:
ಜೋರಾಗಿ ಎಳೆಯಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ಒಳಗೆ ಫ್ಯೂಯೆಲ್ ತುಂಬಿದೆ. ಪ್ಲಗ್ ಬಿಚ್ಚಿ, ಮೇಲೆ ಬಟ್ಟೆ ಹಾಕಿ, ಗಾಡಿ ತಲೆಕೆಳಗು ಮಾಡಿ ನಿಧಾನ ಎಳೆದು ಖಾಲಿ ಮಾಡಿ. ಉಳಿದದ್ದಕ್ಕೆ ಬೇರೆ ಪ್ರಶ್ನೆ ಹಾಕಿ, ಟ್ಯಾಂಕ್ ಫೋಟೊ ಜೊತೆಗೆ. ಯಾವ ಟ್ಯೂಬ್ ಹಾಕಿದ್ದೀರಿ ಅಂತಲೂ ಬರೆಯಿರಿ.