ಆಪರೇಷನ್ ಆದ್ಮೇಲೆ ನಿದ್ದೆ ಬರ್ತಿಲ್ವಾ? ಡಾಕ್ಟರನ್ನ ಕೇಳಿ

ಅಡ್ಮಿನ್: ಇವತ್ತಿನ ವಿಷಯ ಕ್ಯಾನ್ಸರ್ ಆಪರೇಷನ್ ನಂತರದ ನಿದ್ದೆ, ಭಯ, ಬೇಸರ. ಕ್ಯಾನ್ಸರ್ ವಾರ್ಡಿನ ರೋಗಿಗಳನ್ನ ನೋಡೋ ಮನೋವೈದ್ಯೆ ಉತ್ತರಿಸ್ತಾರೆ. ರೋಗಿಯ ಹೆಸರು, ರಿಪೋರ್ಟಿನ ಫೋಟೋ ಹಾಕಬೇಡಿ. ಫಾರ್ವರ್ಡ್ ಬೇಡವೇ ಬೇಡ.

ಹಾಸನದ ಮಗಳು: ನಮಸ್ತೆ ಮೇಡಂ. ಅಮ್ಮಂಗೆ 54. ಸ್ತನದ ಆಪರೇಷನ್ ಆಗಿ ಮೂರು ವಾರ. ರಾತ್ರಿ ಎರಡು ಗಂಟೆಗೆ ಎದ್ದು ಕೂತ್ಕೋತಾರೆ. ಯಾವ ನಿದ್ದೆ ಮಾತ್ರೆ ಕೊಡಬಹುದು?

ಡಾಕ್ಟರ್: ಮಾತ್ರೆ ಹೆಸರು ಇಲ್ಲಿ ಬರೆಯಲ್ಲ. ಯಾಕೆ ಏಳ್ತಾರೆ ಅಂತ ಮೊದಲು ಕೇಳಿ. ನೋವಿಗಾದ್ರೆ, ರಾತ್ರಿ ಡೋಸ್ ಬೆಳಗಿನ ಜಾವದ ತನಕ ತಡೀತಿಲ್ಲ ಅಂತ ಸರ್ಜನ್‌ಗೆ ಹೇಳಿ. ನಿದ್ದೆಗೆಟ್ಟವರಿಗೆ ಅದೇ ಗಾಯ ಮರುದಿನ ಹೆಚ್ಚು ನೋಯುತ್ತೆ, ನೋವಿದ್ರೆ ಮತ್ತೆ ನಿದ್ದೆ ಇಲ್ಲ. ಮಲಗೋಕೆ ಕಷ್ಟ ಅಂದ್ರೆ ಅಂಗಾತ ಮಲಗಲಿ, ಆಪರೇಷನ್ ಆದ ಕಡೆಯ ಕೈ ಕೆಳಗೆ ದಿಂಬು ಇಡಿ. ಕೀಮೋ ಶುರುವಾಗಿದ್ರೆ, ವಾಂತಿ ತಡೆಯೋಕೆ ಕೊಡೋ ಡೆಕ್ಸಾಮೆಥಾಸೋನ್ ಸಂಜೆ ತಗೋತಿದ್ದಾರಾ ನೋಡಿ. ಅದು ನಿದ್ದೆ ಕೆಡಿಸುತ್ತೆ. ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಕೇಳಿ. ಇದ್ಯಾವುದೂ ಅಲ್ಲ, ಬರೀ ಭಯ ಅಂದ್ರೆ ಮತ್ತೆ ಬರೀರಿ.

ತುಮಕೂರ್ ಸ್ವಾಮಿ: ನಿದ್ದೆ ಮಾತ್ರೆ ಚಟ ಆಗುತ್ತಾ?

ಡಾಕ್ಟರ್: ಆಲ್‌ಪ್ರಜೋಲಾಮ್ ಥರದ್ದು ವಾರಗಟ್ಟಲೆ ತಗೊಂಡ್ರೆ ಆಗುತ್ತೆ. ಹಾಗಂತ ತಟ್ಟನೆ ನಿಲ್ಲಿಸೋದೂ ಅಪಾಯ.

ಗದಗಿನ ಹುಡುಗ: ಮೇಡಮ್ಮರ, ನಮ್ಮಪ್ಪಗ 67 ರೀ. ಗುಟ್ಕಾ ತಿಂದು ದವಡಿ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಗಿ ಇವತ್ತಿಗೆ ನಾಕ ದಿನ. ಇನ್ನೂ ವಾರ್ಡಿನ್ಯಾಗ ಅದೀವಿ. ಮೊದಲೆರಡು ದಿನ ಛಲೋ ಇದ್ರು. ಮೊನ್ನೆ ರಾತ್ರಿಯಿಂದ ಮೂಗಿನ ನಳಿಗಿ ಕಿತ್ತಾಕ ಹೋಗ್ತಾರ. ಮಾತಾಡಾಕ ಬರೂದಿಲ್ಲ, ಪಾಟಿ ಮ್ಯಾಲೆ "ತಮ್ಮ ಬಂದಾನ" ಅಂತ ಬರದು ಬಾಗಿಲ ಕಡೆ ತೋರಿಸ್ತಾರ. ಕಾಕಾ ತೀರಿ ಬಾಳ ವರ್ಷ ಆತ್ರೀ. ಹಗಲು ಸರಿ ಇರ್ತಾರ. ಅವ್ವ ಗಾಳಿ ಸೋಂಕೈತಿ ಅಂತ ಅಂಗಾರ ತರಿಸ್ಯಾಳ. ನಿನ್ನೆ ಬಾಜೂ ಬೆಡ್ಡಿನವ್ರ ನಿದ್ದಿ ಗುಳಗಿ ಪುಡಿ ಮಾಡಿ ನಳಿಗ್ಯಾಗ ಹಾಕಿದ್ವಿ. ಇವತ್ತು ಮುಂಜಾನಿಂದ ತಣ್ಣಗ ಮಲಗ್ಯಾರ, ಕರದ್ರ ಕಣ್ಣು ತಗದು ಮತ್ತ ಮುಚ್ತಾರ. ಡಿಪ್ರೆಶನ್ ಇರಬಹುದೇನ್ರೀ?

ಡಾಕ್ಟರ್: ಈಗಲೇ ಡ್ಯೂಟಿ ನರ್ಸ್ ಹತ್ರ ಹೋಗಿ. ಉಳಿದದ್ದು ಆಮೇಲೆ ಓದಿ. ರಾತ್ರಿ ಗೊಂದಲ ಇತ್ತು, ಈಗ ಎಬ್ಬಿಸಿದ್ರೆ ಸರಿಯಾಗಿ ಏಳ್ತಿಲ್ಲ, ನಿನ್ನೆ ನಾವೇ ಗುಳಿಗೆ ಹಾಕಿದ್ವಿ. ಮೂರೂ ಹೇಳಿ. ಬೈತಾರೆ ಅಂತ ಕೊನೇದನ್ನ ಮುಚ್ಚಿಡಬೇಡಿ. ನೋವಿಗೆ ಟ್ರಮಡಾಲ್ ಥರದ್ದು ಹೋಗ್ತಿದ್ರೆ ಅದರ ಮೇಲೆ ಈ ಗುಳಿಗೆ ಉಸಿರಾಟವನ್ನೇ ಕುಗ್ಗಿಸಬಹುದು.

ಶುಭೋದಯ ಬಳಗ: 🌺 ಜಾಯಿಕಾಯಿ ಅರ್ಧ ತೇದು, ಗಸಗಸೆ ಎರಡು ಚಮಚ, ಅಶ್ವಗಂಧ ಒಂದು ಚಮಚ ಬಿಸಿ ಹಾಲಿಗೆ. ಕ್ಯಾನ್ಸರ್ ರೋಗಿಗೂ 7 ದಿನದಲ್ಲಿ ಗಾಢ ನಿದ್ರೆ! ಎಲ್ಲರಿಗೂ ಹಂಚಿ 🌺

ಡಾಕ್ಟರ್: ಗದಗಿನವರೇ, ಹೋಗಿ ಬಂದ್ರಾ? ನೋಡದೆ ಖಚಿತ ಹೇಳೋಕಾಗಲ್ಲ, ಆದ್ರೆ ನೀವು ಬರೆದಿರೋದು ಡೆಲಿರಿಯಂ, ಅಂದ್ರೆ ದಿಢೀರ್ ಬರೋ ಬುದ್ಧಿಯ ಗೊಂದಲದ ಥರ ಇದೆ. ಗಾಳಿ ಅಲ್ಲ, ಖಿನ್ನತೆನೂ ಅಲ್ಲ. ಖಿನ್ನತೆ ವಾರಗಟ್ಟಲೆ ನಿಧಾನಕ್ಕೆ ಆವರಿಸುತ್ತೆ. ಇದು ಒಂದೆರಡು ದಿನದಲ್ಲಿ ಬರುತ್ತೆ, ಹಗಲು ಸರಿ ಇದ್ದು ಕತ್ತಲಾಗ್ತಾ ಜೋರಾಗುತ್ತೆ. ವಯಸ್ಸಾದವರಲ್ಲಿ ದೊಡ್ಡ ಆಪರೇಷನ್ ನಂತರ ಇದು ಅಪರೂಪ ಅಲ್ಲ. ನಳಿಗೆ ಕೀಳೋವಾಗ ಎಲ್ಲರೂ ಓಡಿ ಬರ್ತಾರೆ, ಸುಮ್ಮನೆ ಮಲಗಿದ್ರೆ "ಅಬ್ಬಾ, ನಿದ್ದೆ ಬಂತು" ಅಂತಾರೆ. ನನಗೆ ಭಯ ಈ ಸುಮ್ಮನಾದವರದ್ದೇ.

ಮಿದುಳು ಹೀಗಾಡೋಕೆ ದೇಹದಲ್ಲಿ ಏನೋ ಕಾರಣ ಇರುತ್ತೆ. ಸೋಂಕು, ಸೋಡಿಯಂ ಇಳಿದಿರೋದು, ಮೂತ್ರ ಕಟ್ಟಿರೋದು, ಮಲಬದ್ಧತೆ, ಆಮ್ಲಜನಕ ಕಡಿಮೆ, ತಡೆಯದ ನೋವು, ಔಷಧಿ. ಅವರು ಹುಡುಕ್ತಾರೆ. ನೀವು ಒಂದು ನಿಜ ಹೇಳಬೇಕು: ಅಪ್ಪ ಕುಡೀತಿದ್ರಾ? ದಿನಾ ಕುಡಿಯೋರಲ್ಲಿ ಕೆಲವರು ನಿಲ್ಲಿಸಿದ ಎರಡರಿಂದ ನಾಲ್ಕನೇ ದಿನಕ್ಕೆ ಹೀಗೇ ಆಗ್ತಾರೆ. ಆಗ ಆಲ್‌ಪ್ರಜೋಲಾಮ್ ಜಾತಿಯ ಗುಳಿಗೆಯನ್ನ ಅಳೆದು, ಜೊತೆಗೆ ಥಯಾಮಿನ್ (ಬಿ1 ವಿಟಮಿನ್) ಕೊಟ್ಟು ಚಿಕಿತ್ಸೆ ಮಾಡ್ತೀವಿ. ಬೇರೆ ಕಾರಣ ಆಗಿದ್ರೆ ಅದೇ ಗುಳಿಗೆ ಗೊಂದಲ ಹೆಚ್ಚಿಸುತ್ತೆ. ಗುಟ್ಕಾ ಬಿಟ್ಟ ಚಡಪಡಿಕೆ ಬೇರೆ ಇರುತ್ತೆ, ಆದ್ರೆ ಅದಕ್ಕೆ ಸತ್ತ ತಮ್ಮ ಕಾಣಿಸಲ್ಲ.

ಕನ್ನಡಕ ಹಾಕಿ. ಕಿವಿ ಮಷೀನ್ ಇದ್ರೆ ಅದೂ. ಹಗಲು ಕಿಟಕಿ ತೆಗೀರಿ, ಡಾಕ್ಟರ್ ಒಪ್ಪಿದ್ರೆ ಕೂರಿಸಿ. ಪಾಟಿ ಮೇಲೆ ಇವತ್ತಿನ ವಾರ, ಊರು, ನಿಮ್ಮ ಹೆಸರು ಬರೆದು ಎದುರಿಗಿಡಿ. ತಮ್ಮ ಬಂದಿಲ್ಲ ಅಂತ ವಾದ ಬೇಡ, "ನಾ ಇಲ್ಲೇ ಅದೀನಿ" ಅನ್ನಿ ಸಾಕು. ಅವ್ವ ಅಂಗಾರ ಹಚ್ಚಲಿ, ಗಾಯಕ್ಕೂ ನಳಿಗೆಗೂ ತಾಗದ ಹಾಗೆ.

ಡಾಕ್ಟರ್: ಇನ್ನು ಆ ಹೂವಿನ ಸಂದೇಶ. ಹೆಚ್ಚು ಜಾಯಿಕಾಯಿ ತಿಂದ್ರೆ ಎದೆ ಹೊಡ್ಕೊಳ್ಳುತ್ತೆ, ಬುದ್ಧಿಭ್ರಮೆ ಬರುತ್ತೆ. ಅಂದ್ರೆ ಮೇಲೆ ಒಬ್ಬರು ಯಾವುದರಿಂದ ನರಳ್ತಿದ್ದಾರೋ ಅದೇ. ಅಶ್ವಗಂಧದಿಂದ ಕೆಲವರ ಲಿವರ್ ಕೆಟ್ಟ ದಾಖಲೆಗಳಿವೆ, ಕೀಮೋ ಇರೋವಾಗ ಲಿವರ್ ಜೊತೆ ಆಟ ಬೇಡ. ಹಬ್ಬಕ್ಕೆ ಗಸಗಸೆ ಪಾಯಸ ಮಾಡಿ ತಿನ್ನಿ, ನನ್ನ ತಕರಾರಿಲ್ಲ. ಅಡ್ಮಿನ್, ಇದನ್ನ ತೆಗೀರಿ.

ಶುಭೋದಯ ಬಳಗ: ನಮ್ಮ ಅಜ್ಜಿ ಕಾಲದಿಂದ ಇದೆ ಮೇಡಂ. ಎಲ್ಲಾ ಕೆಮಿಕಲ್ಲೇ ಬೇಕಾ?

ಡಾಕ್ಟರ್: ನಿಮ್ಮ ಅಜ್ಜಿ ಕೀಮೋ ತಗೋತಿದ್ರಾ?

ದಾವಣಗೆರೆ ಬೆಣ್ಣೆ: ಅಮ್ಮ ಸ್ತನ ಕ್ಯಾನ್ಸರ್‌ಗೆ ಟ್ಯಾಮೊಕ್ಸಿಫೆನ್ ಮಾತ್ರೆ ತಗೋತಾರೆ. ಖಿನ್ನತೆಗೆ ನಮ್ಮೂರ ಡಾಕ್ಟರ್ ಪರಾಕ್ಸೆಟಿನ್ ಬರೆದಿದ್ದಾರೆ. ಪರವಾಗಿಲ್ವಾ?

ಡಾಕ್ಟರ್: ಒಳ್ಳೇದಾಯ್ತು ಕೇಳಿದ್ದು. ಟ್ಯಾಮೊಕ್ಸಿಫೆನ್ ದೇಹದೊಳಗೆ ಬದಲಾಗಿ ಕೆಲಸ ಮಾಡುತ್ತೆ. ಪರಾಕ್ಸೆಟಿನ್, ಫ್ಲುಆಕ್ಸೆಟಿನ್ ಆ ಬದಲಾವಣೆಯನ್ನ ತಡೀತವೆ. ನೀವಾಗಿ ನಿಲ್ಲಿಸಬೇಡಿ. ಎರಡೂ ಚೀಟಿ ಹಿಡಿದು ಆಂಕಾಲಜಿಸ್ಟ್ ಹತ್ರ ಹೋಗಿ, ವೆನ್ಲಾಫ್ಯಾಕ್ಸಿನ್ ಥರದ ಬದಲಿ ಇದೆ. ರಾತ್ರಿ ಬೆವರು, ಮೈ ಬಿಸಿಯಿಂದ ನಿದ್ದೆ ಹೋಗ್ತಿದ್ರೆ ಅದಕ್ಕೂ ಅದು ಆಗಿಬರುತ್ತೆ.

ಮೈಸೂರು ಮೇಷ್ಟ್ರು: ನನ್ನ ಅಭಿಪ್ರಾಯ, ರೋಗಿಗೆ ಕ್ಯಾನ್ಸರ್ ಅಂತ ಹೇಳಲೇಬಾರದು. ನಮ್ಮ ಭಾವನಿಗೆ ಗಡ್ಡೆ ಅಂತ ಅಷ್ಟೇ ಹೇಳಿದ್ವಿ. ನಿದ್ದೆಗೆ ತೊಂದರೆನೇ ಆಗಲಿಲ್ಲ.

ಹಿರೇ ಸೊಸೆ: ನನ್ನ ಅತ್ತೆಗೂ ಗಡ್ಡೆ ಅಂತಾನೇ ಹೇಳಿದ್ರು. ಕಿದ್ವಾಯಿ ಬೋರ್ಡು ಓದೋಕೆ ಬರಲ್ವಾ ಸರ್ ಅವರಿಗೆ? ರಾತ್ರಿಯೆಲ್ಲಾ ಒಬ್ರೇ ಅತ್ತರು, ಯಾರ ಹತ್ರಾನೂ ಹೇಳೋ ಹಾಗಿಲ್ಲ.

ಮೈಸೂರು ಮೇಷ್ಟ್ರು: ತಾಯಿ, ನಿಮ್ಮ ಮನೆ ಕತೆ ಎಲ್ಲರ ಮನೆ ಕತೆಯಲ್ಲ.

ಉಡುಪಿ ಕಡಲು: ಅಮ್ಮನಿಗೆ ಚೆನ್ನಾಗಿ ನಿದ್ದೆ ಬರ್ತದೆ. ನಿದ್ದೆ ಇಲ್ಲದ್ದು ನನಗೆ. ಅವರ ಉಸಿರು ಕೇಳ್ತಾ ಕೂತಿರ್ತೇನೆ. ಇದಕ್ಕೆ ಯಾರನ್ನ ಕಾಣಬೇಕು?

ಹಿರೇ ಸೊಸೆ: ಸರ್, ನಿಮ್ಮ ಭಾವನನ್ನ ಕೇಳಿದ್ರಾ ನಿದ್ದೆ ಬಂತಾ ಅಂತ?

ತುಮಕೂರ್ ಸ್ವಾಮಿ: ಪಾಸಿಟಿವ್ ಆಗಿದ್ರೆ ಕ್ಯಾನ್ಸರ್ ವಾಪಸ್ ಬರಲ್ಲ. ಮನಸ್ಸೇ ಎಲ್ಲ.

ಡಾಕ್ಟರ್: ಸ್ವಾಮಿಯವರೇ, ಈ ಮಾತು ದಯವಿಟ್ಟು ವಾರ್ಡಿನಲ್ಲಿ ಆಡಬೇಡಿ. ಅತ್ತಿದ್ದಕ್ಕೆ ಕ್ಯಾನ್ಸರ್ ಮರುಕಳಿಸಿತು ಅಂತ ತಮ್ಮನ್ನೇ ಬೈಕೊಳ್ಳೋರನ್ನ ನಾನು ನೋಡ್ತೀನಿ. ಬೇಸರ ಕೆಡಿಸೋದು ಬೇರೆ ದಾರಿಯಲ್ಲಿ: ಊಟ ಬಿಡ್ತಾರೆ, ಕೈ ವ್ಯಾಯಾಮ ಬಿಡ್ತಾರೆ, ಮುಂದಿನ ರೇಡಿಯೇಷನ್‌ಗೆ ಹೋಗಲ್ಲ. ಎರಡು ವಾರ ದಾಟಿದ ಬೇಸರಕ್ಕೆ ಚಿಕಿತ್ಸೆ ಬೇಕು, ಉಪದೇಶ ಅಲ್ಲ. ಸಾಯೋ ಮಾತು ಬಂದ್ರೆ ಆ ದಿನವೇ. ಟೆಲಿ ಮನಸ್ ಸಹಾಯವಾಣಿ 14416, ದಿನದ 24 ಗಂಟೆ, ಕನ್ನಡದಲ್ಲಿ, ಉಚಿತ.

ಮೇಷ್ಟ್ರೇ, ರೋಗಿ ಎಷ್ಟು ತಿಳಿಯಬೇಕು ಅನ್ನೋದನ್ನ ರೋಗಿಯನ್ನೇ ಕೇಳಬೇಕು. ಭಾವಮೈದ ತೀರ್ಮಾನ ಮಾಡೋದಲ್ಲ.

ಮೈಸೂರು ಮೇಷ್ಟ್ರು: ಹಿರಿಯರ ಜೊತೆ ಮಾತಾಡೋ ರೀತಿನಾ ಇದು? ಗ್ರೂಪ್ ಬಿಡ್ತಿದ್ದೇನೆ.

ರಾಮನಗರ ರೇಷ್ಮೆ: ಮೇಡಂ, ಅಪ್ಪಂಗೆ ಆಪರೇಷನ್ ಆಗಿದೆ, ನಿದ್ದೆ ಇಲ್ಲ. ಮಾತ್ರೆ ಹೆಸರು ಹೇಳಿ ಪ್ಲೀಸ್.

ಡಾಕ್ಟರ್: ಮೇಲೆ ಓದಿ.

ರಾಮನಗರ ರೇಷ್ಮೆ: ಓದೋಕೆ ಟೈಮಿಲ್ಲ ಮೇಡಂ, ಅದಕ್ಕೇ ಕೇಳಿದ್ದು.

ಗದಗಿನ ಹುಡುಗ: ಮೇಡಮ್ಮರ, ರಕ್ತ ತಗೊಂಡ್ರು. ಸೋಡಿಯಂ ಬಾಳ ಇಳದು 121 ಆಗೇತಂತ. ಐಸಿಯುಗೆ ಒಯ್ದಾರ. ಕುಡ್ಯೂದು ಇರಲಿಲ್ರೀ, ಕಾಕೂನ್ನೂ ಕೇಳೀನಿ. ಉಪ್ಪಿನ ನೀರು ನಳಿಗ್ಯಾಗ ಹಾಕಾಕ ಕೊಡ್ರಿ ಅಂತ ಅವ್ವ ಗಂಟು ಬಿದ್ದಾಳ.

ಡಾಕ್ಟರ್: ಉಪ್ಪು ನೀರೂ ಬೇಡ, ಎಳನೀರೂ ಬೇಡ. ಸೋಡಿಯಂ ಸರಸರ ಏರಿದ್ರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಅವರು ಗಂಟೆಗಳ ಲೆಕ್ಕ ಇಟ್ಟು ನಿಧಾನಕ್ಕೆ ಏರಿಸ್ತಾರೆ. ಸಂಖ್ಯೆ ಸರಿಹೋದ ದಿನವೇ ಗೊಂದಲ ಹೋಗದೇ ಇರಬಹುದು, ವಯಸ್ಸಾದವರಿಗೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಐಸಿಯು ಒಳಗೆ ಬಿಡೋ ಹೊತ್ತಿಗೆ ಪಾಟಿ, ಕನ್ನಡಕ ತಗೊಂಡು ಹೋಗಿ. ನಿನ್ನೆ ಕೊಟ್ಟ ಗುಳಿಗೆಯ ಹೆಸರು ಬಾಜೂ ಬೆಡ್ಡಿನವರನ್ನ ಕೇಳಿ ಬರೆಸಿದ್ರಾ?

ಗದಗಿನ ಹುಡುಗ: ಅವ್ರು ಡಿಸ್ಚಾರ್ಜ್ ಆಗಿ ಹೋಗ್ಯಾರ್ರೀ.

ಡಾಕ್ಟರ್: ಹಾಗಾದ್ರೆ ನರ್ಸ್ ಹತ್ರ ಅವರ ಫೈಲ್ ತೆಗೆಸಿ ನೋಡೋಕೆ ಹೇಳಿ. ಈಗಲೇ.

ಅಡ್ಮಿನ್: ಕಾಮೆಂಟ್ ಬಂದ್ ಮಾಡ್ತಿದ್ದೇನೆ. ಜಾಯಿಕಾಯಿ ಪೋಸ್ಟ್ ಮತ್ತೆ ಹಾಕಿದವರನ್ನ ತೆಗೆದಿದ್ದೇನೆ, ಇನ್‌ಬಾಕ್ಸ್‌ಗೆ ಬಂದು ಬೈಬೇಡಿ.