ಸಹಾಯ ಬೇಕು: ಮೋಡಿಸ್ ಎಒಡಿ, ಏರೋನೆಟ್ ಜೊತೆ ಹೊಂದುತ್ತಿಲ್ಲ

ಎಒಡಿ ಎಂದರೆ ಗಾಳಿಯಲ್ಲಿನ ಧೂಳು, ಹೊಗೆಯ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಎಂಬ ಅಳತೆ. ಟೆರಾ, ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ ದತ್ತಾಂಶದಿಂದ ಮಯಾಕ್ ಎಂಬ ವಿಧಾನ ಲೆಕ್ಕಹಾಕುವ 1 ಕಿ.ಮೀ. ಎಒಡಿಯನ್ನು, ನೆಲದಿಂದ ಅದನ್ನೇ ಅಳೆಯುವ ಏರೋನೆಟ್ ಜಾಲದ ಒಂದು ನಿಲ್ದಾಣದ ಅಳತೆಯೊಂದಿಗೆ ಹೋಲಿಸಿದಾಗ ಎರಡು ಕಡೆ ವ್ಯತ್ಯಾಸ ಕಾಣುತ್ತಿದೆ. ಎಒಡಿ 0.2ಕ್ಕಿಂತ ಕಡಿಮೆ ಇರುವ ಬೇಸಿಗೆ ದಿನಗಳಲ್ಲಿ ಉಪಗ್ರಹ ಹೆಚ್ಚು ತೋರಿಸುತ್ತದೆ. 0.8 ದಾಟಿದರೆ ಕಡಿಮೆ.

ಮಾಡಿರುವುದು ಇಷ್ಟು. ಏರೋನೆಟ್ 2.0 ಹಂತದ (ಗುಣಮಟ್ಟ ಪೂರ್ತಿ ಪರಿಶೀಲಿಸಿದ) ದತ್ತಾಂಶ, ಉಪಗ್ರಹ ಹಾದುಹೋಗುವ ಹೊತ್ತಿನ ±30 ನಿಮಿಷದ ಸರಾಸರಿ. ಹೊತ್ತನ್ನು ಬೆಳಗ್ಗೆ 10:30, ಮಧ್ಯಾಹ್ನ 1:30 ಎಂದು ಸ್ಥಿರವಾಗಿ ಹಿಡಿದಿಲ್ಲ; ಕೆಲವು ವರ್ಷಗಳಿಂದ ಟೆರಾ, ಆಕ್ವಾ ಎರಡರ ಕಕ್ಷೆಯೂ ಜಾರುತ್ತಿರುವುದರಿಂದ ಪ್ರತಿ ಕಕ್ಷೆಯ ಸಮಯವನ್ನು ಕಡತದಿಂದಲೇ ಓದಿದ್ದೇವೆ. 500 ನ್ಯಾನೊಮೀಟರ್ ತರಂಗಾಂತರದ ಮೌಲ್ಯವನ್ನು 440–675ರ ಆಂಗ್‌ಸ್ಟ್ರಾಮ್ ಘಾತ (ತರಂಗಾಂತರದೊಂದಿಗೆ ಎಒಡಿ ಹೇಗೆ ಬದಲಾಗುತ್ತದೆ ಎಂಬುದರ ಸಂಖ್ಯೆ) ಬಳಸಿ 550ಕ್ಕೆ ತಂದಿದ್ದೇವೆ. ಕಡತದ ಸಂಖ್ಯೆಯನ್ನು ಎಒಡಿಗೆ ತರಲು ಗುಣಿಸುವ ಸ್ಕೇಲ್ ಫ್ಯಾಕ್ಟರ್ 0.001, ಖಾಲಿ ಪಿಕ್ಸೆಲ್‌ನ -28672 ಅನ್ನು ಗುಣಿಸುವ ಮೊದಲೇ ತೆಗೆದಿದ್ದೇವೆ. (ಇದನ್ನು ಮರೆತರೆ ಸರಾಸರಿ ಋಣಾತ್ಮಕವಾಗಿ ಬಂದು ದಿನಗಟ್ಟಲೆ ತಲೆ ಕೆಡಿಸುತ್ತದೆ.) ಗುಣಮಟ್ಟದ ಬಿಟ್‌ಗಳಲ್ಲಿ ಅತ್ಯುತ್ತಮ ದರ್ಜೆಯವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ನಮ್ಮ ಊಹೆ: ಕಡಿಮೆ ಎಒಡಿಯಲ್ಲಿನ ದೋಷ ಒಣ, ಹೊಳಪಿನ ನೆಲದ ಪ್ರತಿಫಲನದ ಅಂದಾಜು ತಪ್ಪಿದ್ದರಿಂದ, ಹೆಚ್ಚಿನದರಲ್ಲಿ ಹೊಗೆಯ ಕಣಗಳು ಮಾದರಿಯಲ್ಲಿ ಊಹಿಸಿದ್ದಕ್ಕಿಂತ ಹೆಚ್ಚು ಬೆಳಕು ಹೀರುವುದರಿಂದ. ಎರಡನೆಯದನ್ನು ಪರೀಕ್ಷಿಸಲು ಏಕ ಚದುರುವಿಕೆ ಆಲ್ಬೆಡೊ (ಕಣಗಳು ತಡೆದ ಬೆಳಕಿನಲ್ಲಿ ಹೀರದೆ ಚದುರಿಸಿದ ಪಾಲು) ಬೇಕು. ತೊಡಕು ಅಲ್ಲೇ: ಸಾಮಾನ್ಯ (ಅಲ್ಮುಕಾಂಟರ್) ಸ್ಕ್ಯಾನ್‌ನ 2.0 ಹಂತದಲ್ಲಿ ಅದು ಸಿಗುವುದು 440ರ ಎಒಡಿ 0.4 ಮೀರಿ, ಸೂರ್ಯನ ಶಿರೋಕೋನ (ನೆತ್ತಿಯಿಂದ ಅಳೆದ ಕೋನ) 50 ಡಿಗ್ರಿಗಿಂತ ಹೆಚ್ಚಿದ್ದಾಗ ಮಾತ್ರ. ಉಪಗ್ರಹ ಬರುವ ಹೊತ್ತಿಗೆ ಸೂರ್ಯ ತೀರಾ ಮೇಲಿರುತ್ತಾನೆ.

ಬೆಳಗ್ಗೆ ಮತ್ತು ಸಂಜೆಯ ಆಲ್ಬೆಡೊವನ್ನು ಮಧ್ಯಾಹ್ನಕ್ಕೆ ಬಳಸುವುದು ಸರಿಯೇ? ಅಥವಾ ಹೈಬ್ರಿಡ್ ಸ್ಕ್ಯಾನ್ (ಸೂರ್ಯ ಇನ್ನಷ್ಟು ಮೇಲಿದ್ದಾಗಲೂ ಆಲ್ಬೆಡೊ ಕೊಡುವ ಏರೋನೆಟ್‌ನ ಇನ್ನೊಂದು ಬಗೆಯ ಆಕಾಶ ಅಳತೆ) ಮೌಲ್ಯಗಳನ್ನು ಯಾರಾದರೂ ಹೀಗೆ ಬಳಸಿದ್ದೀರಾ? ದಟ್ಟ ಹೊಗೆಯನ್ನು ಮೋಡವೆಂದು ತೆಗೆದುಹಾಕಿರುವ ಪಿಕ್ಸೆಲ್‌ಗಳನ್ನು ಮರಳಿ ಪಡೆಯುವ ದಾರಿ ಗೊತ್ತಿದ್ದರೆ ಅದನ್ನೂ ತಿಳಿಸಿ.