ಶವರ್ ತೂತುಗಳಲ್ಲಿ ಕಟ್ಟಿಕೊಂಡ ಸುಣ್ಣ ತೆಗೆಯೋದು ಹೇಗೆ? ಗೊತ್ತಿರೋರು ದಯವಿಟ್ಟು ಹೇಳಿ

ಬೆಂಗಳೂರಿನಿಂದ ಪ್ರಶ್ನೆ:
ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಶವರಿನ ಅರ್ಧದಷ್ಟು ತೂತುಗಳು ಬಿಳಿ ಕಟ್ಟಿ ಮುಚ್ಚಿಹೋಗಿವೆ, ಉಳಿದವುಗಳಿಂದ ನೀರು ಅಡ್ಡಾದಿಡ್ಡಿ ಗೋಡೆಗೆ ಹಾರುತ್ತೆ. ಪ್ಲಾಸ್ಟಿಕ್ ಮೇಲೆ ಕ್ರೋಮ್ ಹೊಳಪಿನದು, ತೂತುಗಳಿಗೆ ಬೂದು ಬಣ್ಣದ ಮೆತ್ತನೆ ಮೂತಿಗಳಿವೆ. ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ ಅಂತ ಒಬ್ಬರು, ಟಾಯ್ಲೆಟ್ ಕ್ಲೀನರ್ ಹಾಕಿದರೆ ಐದೇ ನಿಮಿಷ ಅಂತ ಇನ್ನೊಬ್ಬರು. ಯಾವುದು ಸರಿ? ಬಿಚ್ಚಲೇಬೇಕಾ? ಇನ್ನೊಂದು ಬಾತ್‌ರೂಮಿನಲ್ಲಿ ಚಾವಣಿಗೆ ಕೂರಿಸಿದ ಕಪ್ಪು ಮ್ಯಾಟ್ ಶವರ್ ಇದೆ, ಅದಕ್ಕೂ ಇದೇ ಉಪಾಯನಾ?

ಹುಬ್ಬಳ್ಳಿಯಿಂದ, ಪ್ಲಂಬಿಂಗ್ ಕೆಲಸದವರು:
ಟಾಯ್ಲೆಟ್ ಕ್ಲೀನರ್ ಮಾತ್ರ ಬ್ಯಾಡ್ರಿ ಸರ್. ಸಾಮಾನ್ಯವಾಗಿ ಅದರಾಗ ಇರೋದು ಹೈಡ್ರೋಕ್ಲೋರಿಕ್ ಆಸಿಡ್. ಸುಣ್ಣ ಕರಗಿಸ್ತದ ಖರೇ, ಆದ್ರ ಅದರ ಜೋಡಿ ಕ್ರೋಮ್‌ನೂ ತಿಂತದ. ಮೊದಲ ಹೊಳಪು ಮಬ್ಬಾಗ್ತದ, ಆಮ್ಯಾಲೆ ಹಪ್ಪಳ ಎದ್ದಂಗ ಎದ್ದು ಸುಲೀತದ. ಹೋದ ಕ್ರೋಮ್ ತಿರುಗಿ ಬರಂಗಿಲ್ಲ.

ಗೋಡಿಗೆ ಇರೋ ಶವರ್ ಬಿಚ್ಚಿ ತೊಳೆಯೋದೇ ಚಲೋ. ಮುಖದ ಮ್ಯಾಲಿನ ಬಿಳಿ ನಿಮಗ ಕಾಣ್ತದ, ಹಿಂದಿನ ಜಾಲರಿ ಕಾಣಂಗಿಲ್ಲ. ನೀರು ಕಡಿಮಿ ಬರೋದಕ್ಕ ಎಷ್ಟೋ ಮನ್ಯಾಗ ಜಾಲರಿನೇ ಕಾರಣ.

ಮೊದಲ ನೀರು ಹೋಗೋ ಕಿಂಡಿ ಮ್ಯಾಲೆ ಒಂದು ಬಟ್ಟಿ ಹಾಸ್ರಿ, ವಾಷರ್ ಜಾರಿ ಹೋದ್ರ ಸಿಗಂಗಿಲ್ಲ. ಗೋಡಿಯಿಂದ ಬಂದ ಬಾಗಿದ ಪೈಪಿನ ತುದಿಗೆ ಅರ್ಧ ಇಂಚಿನ ಥ್ರೆಡ್ ಮ್ಯಾಲೆ ಶವರಿನ ನಟ್ ಕೂತಿರ್ತದ. ಒಂದು ಕೈಲೆ ಆ ಪೈಪ್ ಗಟ್ಟಿ ಹಿಡೀರಿ, ಇನ್ನೊಂದು ಕೈಲೆ ನಟ್ ತಿರುಗಿಸ್ರಿ, ಕೆಳಗಿಂದ ನೋಡಿದ್ರ ಗಡಿಯಾರದ ಉಲ್ಟಾ ದಿಕ್ಕು. ಪೈಪ್ ಹಿಡೀಲಿಲ್ಲ ಅಂದ್ರ ಅದೇ ತಿರುಗಿ ಗೋಡಿಯೊಳಗಿನ ಎಲ್ಬೋ, ಅಂದ್ರ ಪೈಪ್ ತಿರುಗೋ ಮೂಲಿ ಜೋಡಣಿ, ಸಡಲ ಆಗ್ತದ. ಅಲ್ಲಿ ಸೋರಿದ್ರ ಟೈಲ್ಸ್ ಒಡಿಯೋದೇ ದಾರಿ. ಕೈಲೆ ಬರದಿದ್ರ ನಟ್‌ಗೆ ದಪ್ಪ ಬಟ್ಟಿ ಸುತ್ತಿ ಸ್ಕ್ರೂ ಸ್ಪ್ಯಾನರ್ ಹಾಕ್ರಿ. ಪೈಪ್ ರೆಂಚ್ ಬ್ಯಾಡ, ಹಲ್ಲಿನ ಗುರುತು ಬೀಳ್ತದ. ಆಗಲೂ ಬರಲಿಲ್ಲ ಅಂದ್ರ ಜೋರ್ ಮಾಡಬ್ಯಾಡ್ರಿ, ವಿನೆಗರ್‌ನಾಗ ಅದ್ದಿದ ಬಟ್ಟಿ ಅರ್ಧ ತಾಸು ಸುತ್ತಿ ಬಿಡ್ರಿ. ಅಲ್ಲಿ ಹಿಡಿದಿರೋದೂ ಸುಣ್ಣಾನೇ.

ನಟ್ ಒಳಗ ರಬ್ಬರ್ ವಾಷರ್ ಇರ್ತದ, ಅದರ ಹತ್ರಾನೇ ಜಾಲರಿ, ಕೆಲವದರಾಗ ನೀರಿನ ಹರಿವು ಕಡಿಮಿ ಮಾಡೋ ಸಣ್ಣ ಪ್ಲಾಸ್ಟಿಕ್ ಬಿಲ್ಲೆ. ಒಂದೊಂದೇ ತೆಗೀರಿ, ಯಾವದು ಯಾವ ಕಡೆ ಮುಖ ಮಾಡಿತ್ತು ಅಂತ ಫೋನಿನ್ಯಾಗ ಫೋಟೋ ತಗೋರಿ. ಬಿಲ್ಲೆ ಉಲ್ಟಾ ಕೂತ್ರ ತೊಳೆದದ್ದೆಲ್ಲಾ ದಂಡ.

ತುಮಕೂರಿನಿಂದ, ನೀರು ಪರೀಕ್ಷೆಯ ಲ್ಯಾಬಿನವರು:
ಕಟ್ಟಿಕೊಂಡಿರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬೋರ್‌ವೆಲ್ ನೀರಿನಲ್ಲಿ ಇದು ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತೆ. ಬಿಸಿ ಮಾಡಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಕಾರ್ಬೊನೇಟ್ ಆಗಿ ಕೂತುಬಿಡುತ್ತೆ. ಸ್ನಾನ ಮುಗಿದ ಮೇಲೆ ಮೂತಿಯಲ್ಲಿ ನಿಂತ ಹನಿ ಒಣಗಿದಾಗಲೂ ಇದೇ ಆಗುವುದು. ಆದ್ದರಿಂದಲೇ ಗೀಸರ್ ನೀರು ಬರುವ ಶವರ್, ತಣ್ಣೀರು ನಲ್ಲಿಗಿಂತ ಬೇಗ ಕಟ್ಟಿಕೊಳ್ಳುತ್ತೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳು 200 ದಾಟಿಯೇ ಇರುತ್ತವೆ.

ಕಾರ್ಬೊನೇಟನ್ನು ಕರಗಿಸಲು ಸೌಮ್ಯ ಹುಳಿಯೇ ಸಾಕು, ಅದಕ್ಕೆ ಸಮಯ ಕೊಡಬೇಕು ಅಷ್ಟೆ. ಅಂಗಡಿಯ ಬಿಳಿ ವಿನೆಗರ್ ಸಾಮಾನ್ಯವಾಗಿ ಶೇ. 4ರಷ್ಟು ಅಸಿಟಿಕ್ ಆಮ್ಲ. ಲೆಕ್ಕ ಹಾಕಿದರೆ 200 ಮಿಲೀ ವಿನೆಗರ್ ಹೆಚ್ಚೆಂದರೆ ಆರೂವರೆ ಗ್ರಾಂ ಸುಣ್ಣ ಕರಗಿಸೀತು. ದಪ್ಪ ಪದರ ಇದ್ದರೆ ಅದು ಮಧ್ಯದಲ್ಲೇ ಸುಸ್ತಾಗುತ್ತೆ. ಅದೇ ದ್ರವದಲ್ಲಿ ರಾತ್ರಿಯಿಡೀ ಬಿಡುವುದಕ್ಕಿಂತ ಅರ್ಧ ಗಂಟೆಗೆ ಚೆಲ್ಲಿ ಹೊಸದು ಹಾಕುವುದು ಮೇಲು. ರಾತ್ರಿಯಿಡೀ ಬಿಟ್ಟರೆ ಕ್ರೋಮ್‌ನಲ್ಲಿ ಕಣ್ಣಿಗೆ ಕಾಣದ ಗೀರು ಇರುವ ಕಡೆ ಹುಳಿ ಒಳಗಿಳಿದು ಪದರದ ಬುಡ ಸಡಿಲಿಸುತ್ತೆ.

ನನ್ನ ಆಯ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ. ವಾಸನೆ ಇಲ್ಲ, ಬೇಕಾದಷ್ಟು ಹದಕ್ಕೆ ಕಲಸಿಕೊಳ್ಳಬಹುದು. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ 25 ಗ್ರಾಂ, ಅಂದಾಜು ಎರಡು ಮಟ್ಟಸ ದೊಡ್ಡ ಚಮಚ. ಕುದಿಯುವ ನೀರು ಬೇಡ. ಸಿಟ್ರಿಕ್ ಆಮ್ಲ ಸುಣ್ಣದ ಜೊತೆ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿಯಲ್ಲಿ ಇನ್ನೂ ಕಡಿಮೆ ಕರಗುತ್ತೆ, ತೆಗೆದ ಸುಣ್ಣದ ಜಾಗಕ್ಕೆ ಬೇರೊಂದು ಬಿಳಿ ಪುಡಿ ಬಂದು ಕೂರುತ್ತೆ. ಪ್ಲಾಸ್ಟಿಕ್ ಸೊಟ್ಟಗಾಗುವ ಭಯವೂ ಇದೆ.

ಮುಖ ಕೆಳಗೆ ಮಾಡಿ ಮುಳುಗಿಸಿ. ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದರೆ ಕೆಲಸ ನಡೀತಿದೆ ಅಂತ. ನಿಂತಾಗ ಎರಡು ಸಾಧ್ಯತೆ: ಸುಣ್ಣ ಮುಗಿದಿದೆ, ಇಲ್ಲವೇ ಹುಳಿ ಮುಗಿದಿದೆ. ಬಿಳಿ ಉಳಿದ ಕಡೆ ಹೊಸ ದ್ರಾವಣದ ಒಂದು ಹನಿ ಬಿಡಿ. ನೊರೆ ಎದ್ದರೆ ಇನ್ನೊಂದು ಸುತ್ತು ಬೇಕು. ಹೊಸ ಹನಿಗೂ ಏನೂ ಆಗದಿದ್ದರೆ ಅದು ಸಿಲಿಕಾ ಅಥವಾ ಸಲ್ಫೇಟ್ ಇರಬಹುದು, ಅದಕ್ಕೆ ಹುಳಿ ತಾಗುವುದಿಲ್ಲ, ಮೆತ್ತಗೆ ಉಜ್ಜಿಯೇ ತೆಗೆಯಬೇಕು.

ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸುವ ಸಲಹೆ ಎಲ್ಲೆಡೆ ಓಡಾಡುತ್ತೆ. ಹುಳಿ ಮತ್ತು ಸೋಡಾ ಒಂದನ್ನೊಂದು ತಿಂದುಹಾಕುತ್ತವೆ, ನೊರೆ ಚೆನ್ನಾಗಿ ಕಾಣುತ್ತೆ, ಸುಣ್ಣ ಹಾಗೇ ಇರುತ್ತೆ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ಇರುವ ಯಾವುದನ್ನೂ ಹುಳಿಯ ಹತ್ತಿರ ತರಲೇಬೇಡಿ, ಕ್ಲೋರಿನ್ ಅನಿಲ ಏಳುತ್ತೆ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಕಲಬುರಗಿಯಿಂದ:
ಚಾವಣಿ ಶವರ್‌ಗೆ ಕವರ್ ಕಟ್ಟೋ ಉಪಾಯ ಇದೆ. ಸಣ್ಣ ಶವರ್ ಆದರೆ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಮೂತಿಗಳು ಮುಳುಗುವಷ್ಟು ಮಾತ್ರ ದ್ರಾವಣ ಹಾಕಿ, ಸಾಮಾನ್ಯ ಅಳತೆಗೆ 200 ಮಿಲೀ ಸಾಕು. ಒಂದರೊಳಗೊಂದು ಎರಡು ಕವರ್ ಇರಲಿ. ಶವರಿನ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಒಂದು ದಾರವನ್ನೂ ಕಟ್ಟಿ, ರಬ್ಬರ್ ಒಂದನ್ನೇ ನಂಬಬೇಡಿ. ಅಗಲವಾದ ರೇನ್ ಶವರ್ ಕವರಿಗೆ ಹಿಡಿಸಲ್ಲ. ಅದಕ್ಕೆ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಮುಖಕ್ಕೆ ಒತ್ತಿ ಕಟ್ಟೋದೇ ಸುಲಭ. ಕಣ್ಣಿಗೆ ಹನಿ ಬೀಳದ ಹಾಗೆ ಪಕ್ಕಕ್ಕೆ ನಿಂತು ಕೆಲಸ ಮಾಡಿ.

ಕೆಳಗೆ ಬಕೆಟ್ ಇಡೋದು ಮರೀಬೇಡಿ. ನಮ್ಮ ಕಡೆ ಬಚ್ಚಲಿಗೆ ಶಹಾಬಾದ್ ಕಲ್ಲು, ಅದೇ ಸುಣ್ಣದಕಲ್ಲು. ಹುಳಿ ಬಿದ್ದ ಕಡೆ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತೆ. ಕಡಪ ಕಲ್ಲು, ಮಾರ್ಬಲ್, ಟೈಲ್ಸ್ ಸಂದಿಯ ಸಿಮೆಂಟಿಗೂ ಅದೇ ಗತಿ. ಗ್ರಾನೈಟಿಗೆ ಅಷ್ಟು ತೊಂದರೆ ಇಲ್ಲ.

ಮೈಸೂರಿನಿಂದ, ಸ್ಯಾನಿಟರಿ ಸಾಮಾನಿನ ಅಂಗಡಿಯವರು:
ಕಪ್ಪು ಮ್ಯಾಟ್, ಚಿನ್ನದ ಬಣ್ಣ, ರೋಸ್ ಗೋಲ್ಡ್ ಇವುಗಳಿಗೆ ಮೇಲೆ ಹೇಳಿದ ಹದ ಬೇಡ. ಎಷ್ಟೋ ಕಂಪನಿಗಳು ಇಂಥ ಫಿನಿಶ್‌ಗೆ ಯಾವ ಹುಳಿಯೂ ಬೇಡ ಅಂತ ಜೊತೆಯ ಕಾಗದದಲ್ಲೇ ಹಾಕಿರುತ್ತಾರೆ, ವಾರಂಟಿಯೂ ಅದಕ್ಕೆ ತಕ್ಕಂತೆ ಇರುತ್ತೆ. ಮೊದಲು ಅದನ್ನು ಓದಿ. ಮೂತಿಗಳು ಮೆತ್ತನೆ ಸಿಲಿಕೋನ್ ಆಗಿದ್ದರೆ ಬಿಸಿನೀರು ಎರಡು ನಿಮಿಷ ಬಿಟ್ಟು ಹೆಬ್ಬೆರಳಲ್ಲಿ ಒಂದೊಂದೇ ಒತ್ತಿ ಉರುಟಿ. ಸಿಲಿಕೋನ್ ಬಾಗುತ್ತೆ, ಸುಣ್ಣ ಬಾಗಲ್ಲ, ಅದರಿಂದ ಚೂರಾಗಿ ಉದುರುತ್ತೆ. ಹುಳಿಗೆ ಅಡ್ಡಿಯಿಲ್ಲ ಅಂತ ಕಾಗದದಲ್ಲಿ ಇದ್ದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಹತ್ತು ನಿಮಿಷ, ಆಮೇಲೆ ಚೆನ್ನಾಗಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಕಬ್ಬಿಣದ ನಾರು, ಹಸಿರು ಸ್ಕ್ರಬ್ಬರ್ ಎರಡೂ ಬೇಡ.

ಸ್ಟೀಲ್ ತಟ್ಟೆಯಲ್ಲಿ ನೇರ ತೂತು ಕೊರೆದಿರುವ ಶವರ್‌ಗಳಿಗೆ ಜನ ಪಿನ್ನು, ಸೂಜಿ ಚುಚ್ಚುತ್ತಾರೆ. ತೂತಿನ ಅಂಚು ಸ್ವಲ್ಪ ಹರಿದರೂ ಆ ಧಾರೆ ಇನ್ನು ಯಾವತ್ತೂ ನೇರ ಬೀಳಲ್ಲ. ತೆಂಗಿನ ಪೊರಕೆಯ ಕಡ್ಡಿ ಒಂದನ್ನು ತುದಿ ಸಣ್ಣಗೆ ಹೆರೆದುಕೊಳ್ಳಿ, ನೆನೆದ ಮೇಲೆ ಅದು ಸಾಕು. ಹಳೆಯ ಟೂತ್‌ಬ್ರಶ್ ಮಿಕ್ಕಿದ್ದನ್ನು ನೋಡಿಕೊಳ್ಳುತ್ತೆ.

ಒಂದು ಮಾತು, ನಮ್ಮ ವ್ಯಾಪಾರಕ್ಕೆ ನಷ್ಟವಾದರೂ ಹೇಳಬೇಕು. ಶವರ್‌ಗೆ ಸಿಕ್ಕಿಸುವ ಸಣ್ಣ ಫಿಲ್ಟರ್‌ಗಳು ಮಣ್ಣು, ಕ್ಲೋರಿನ್ ತಡೆಯಬಹುದು, ಗಡಸುತನ ಇಳಿಸುವಷ್ಟು ತಾಕತ್ತು ಅವಕ್ಕಿಲ್ಲ. ಗಡಸುತನಕ್ಕೆ ಇರುವುದು ಸಾಫ್ಟನರ್, ಅಂದರೆ ಆಗಾಗ ಉಪ್ಪುನೀರು ಹಾಯಿಸಿ ಮತ್ತೆ ಕೆಲಸಕ್ಕೆ ಸಜ್ಜು ಮಾಡುವ, ನೀರಿನ ಗಡಸುತನ ತೆಗೆಯುವ ಯಂತ್ರ. ಅದನ್ನು ಇಡೀ ಮನೆಗೆ ಅಥವಾ ಇಡೀ ಕಟ್ಟಡಕ್ಕೆ ಹಾಕಿಸಿದರೆ ಸರಿ. ಗೀಸರ್ ಥರ್ಮೋಸ್ಟಾಟ್ 60ರ ಮೇಲೆ ಇದ್ದರೆ 50-55 ಡಿಗ್ರಿಗೆ ಇಳಿಸಿ, ಸುಣ್ಣ ಕೂರುವ ವೇಗ ಕಡಿಮೆಯಾಗುತ್ತೆ.

ದಾವಣಗೆರೆಯಿಂದ:
ತೊಳೆದ ಮೇಲೂ ನೀರು ಕಡಿಮೆ ಅನಿಸಿದರೆ ಶವರನ್ನೇ ಬೈಯಬೇಡಿ. ಶವರ್ ಬಿಚ್ಚಿಟ್ಟು ಬರೀ ಪೈಪಿನಿಂದ ಹತ್ತು ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ, ಆಮೇಲೆ ಶವರ್ ಹಾಕಿ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ತಡೆ ಹಿಂದೆ ಎಲ್ಲೋ ಇದೆ: ಬಿಸಿನೀರು ತಣ್ಣೀರು ಬೆರೆಸೋ ಮಿಕ್ಸರ್, ಗೋಡೆಯ ಹತ್ತಿರ ನೀರು ಬಂದ್ ಮಾಡೋ ಆ್ಯಂಗಲ್ ಕಾಕ್, ಇಲ್ಲವೇ ಪೈಪು. ಬಿಸಿನೀರು ಮಾತ್ರ ಸಣ್ಣಗೆ ಬಂದರೆ ಗೀಸರ್ ಕಡೆ ಹುಡುಕಿ. ಮೇಲಿನ ಮಹಡಿಯವರಿಗೆ ಇನ್ನೊಂದು ಸಂಗತಿ: ಒಂದು ಮೀಟರ್ ಎತ್ತರಕ್ಕೆ ಸಿಗೋ ಒತ್ತಡ ಸುಮಾರು 0.1 ಬಾರ್ ಮಾತ್ರ. ಟ್ಯಾಂಕ್ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ 0.3. ಒಂದು ಬಾರ್ ಕೇಳೋ ದೊಡ್ಡ ರೇನ್ ಶವರ್ ಅಷ್ಟರಲ್ಲಿ ಹೊಸದಿದ್ದಾಗಲೂ ತೊಟ್ಟಿಕ್ಕೋದೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ನಿಂಬೆ ಉಪ್ಪಿನಲ್ಲಿ ಎರಡು ಸುತ್ತು ಆಯ್ತು, ಮೂತಿಗಳು ಬಿಟ್ಟಿವೆ. ಆದರೆ ಜಾಲರಿಯಲ್ಲಿ ಕಂದು ಬಣ್ಣದ ಕೆಸರಿನಂಥದ್ದು, ಜೊತೆಗೆ ಕಪ್ಪು ಚೂರುಗಳಿವೆ. ಇದೇನು? ವಾಪಸ್ ಹಾಕುವಾಗ ಟೆಫ್ಲಾನ್ ಟೇಪ್ ಬೇಕಾ?

ತುಮಕೂರಿನಿಂದ:
ಕಂದು ಬಣ್ಣದ್ದು ಬಹುಶಃ ಕಬ್ಬಿಣ. ಜಾಲರಿಯನ್ನು ಅದೇ ನಿಂಬೆ ಉಪ್ಪಿನ ಹೊಸ ದ್ರಾವಣದಲ್ಲಿ ಒಂದು ಗಂಟೆ ಇಡಿ. ಕಬ್ಬಿಣವನ್ನು ಹಿಡಿದು ಕರಗಿಸುವುದರಲ್ಲಿ ಅದು ವಿನೆಗರಿಗಿಂತ ಮುಂದು. ಕಪ್ಪು ಚೂರನ್ನು ಬೆರಳಲ್ಲಿ ಹಿಸುಕಿ ನೋಡಿ: ಮಸಿಯಂತೆ ಬಳಿದುಕೊಂಡು ರಬ್ಬರಿನ ಹಾಗೆ ಎಳೆದರೆ ಹಳೆಯ ವಾಷರ್ ಕೊಳೆತಿದೆ.

ಹುಬ್ಬಳ್ಳಿಯಿಂದ:
ಹಂಗಾದ್ರ ಆ ವಾಷರ್ ಬಿಸಾಕಿ ಅರ್ಧ ಇಂಚಿನ ಹೊಸದು ಹಾಕ್ರಿ, ಹಾರ್ಡ್‌ವೇರ್ ಅಂಗಡ್ಯಾಗ ಸಿಗ್ತದ. ಶವರ್ ಏರಿಸೋ ಮೊದಲ ಬರೀ ಪೈಪಿನಿಂದ ಸ್ವಲ್ಪ ನೀರು ಬಕೆಟ್‌ಗೆ ಬಿಡ್ರಿ, ಒಳಗಿನ ಚೂರು ಹೋಗ್ಲಿ. ಶವರನ್ನೂ ಉಲ್ಟಾ ಹಿಡಿದು ಮೂತಿ ಕಡೆಯಿಂದ ನೀರು ಹಾಯಿಸ್ರಿ. ನಟ್ ಒಳಗ ವಾಷರ್ ಇದ್ರ ನೀರು ತಡಿಯೋದು ವಾಷರೇ, ಟೇಪ್ ಎರಡು ಮೂರು ಸುತ್ತು ಇದ್ರ ಮುಂದಿನ ಸಲ ಬಿಚ್ಚಲಿಕ್ಕೆ ಸಲೀಸು ಅಷ್ಟ. ಥ್ರೆಡ್ಡಿನ ತುದಿ ನಿಮ್ಮ ಕಡೆ ಇಟ್ಕೊಂಡು ಗಡಿಯಾರದ ದಿಕ್ಕಿಗೆ ಸುತ್ರಿ, ಉಲ್ಟಾ ಸುತ್ತಿದ್ರ ನಟ್ ಹಾಕುವಾಗ ಟೇಪ್ ಬಿಚ್ಚಿಕೊಂಡು ಬರ್ತದ. ಕೈಲೆ ಗಟ್ಟಿ ಆಗೋ ತನಕ, ಆಮ್ಯಾಲೆ ಬಟ್ಟಿ ಸುತ್ತಿ ಕಾಲು ಸುತ್ತು, ಹೆಚ್ಚು ಬ್ಯಾಡ. ಕೀಲಿನಾಗ ಹನಿ ಬಂದ್ರ ಇನ್ನೂ ಬಿಗಿ ಮಾಡಬ್ಯಾಡ್ರಿ, ಪ್ಲಾಸ್ಟಿಕ್ ನಟ್ ಸೀಳ್ತದ. ಬಿಚ್ಚಿ ವಾಷರ್ ಸಮ ಕೂತದೋ ಇಲ್ಲೋ ನೋಡ್ರಿ.